ನಮ್ಮವರ ಪಟ್ಟಿ

ಮಂದಾಕಿನಿಗೆ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕ ಕೂರುವಷ್ಟು ಪುಟ್ಟ ಪಿಸ್ತೂಲು ಬೇಕಿತ್ತು. ಅಂಗಡಿಯ ಶೇಷಪ್ಪ ಸೀರೆ ಹರವಿದಂತೆ ಹನ್ನೆರಡನ್ನು ಹರವಿದ. ಜೊತೆಗೆ ಬಂದಿದ್ದ ಅಕ್ಕ ಜಲಜಾ ಅಳತೆಗೆಂದು ತನ್ನದನ್ನೂ ತೆಗೆದು ಪಕ್ಕದಲ್ಲಿಟ್ಟಳು.

"ಈ ಸಣ್ಣದೇ ತಗೊಳ್ಳೇ. ಹೊಡೆದ್ರೆ ಕೈ ಜಗ್ಗಲ್ಲ."

"ಆಯ್ತಕ್ಕ."

ಶೇಷಪ್ಪ ಫಾರಂ ತೆಗೆದ. "ನಮ್ಮವರ ಪಟ್ಟಿ ಹೇಳಿಮ್ಮಾ. ಇದ್ರಲ್ಲಿ ಹೆಸರಿದ್ದೋರ ಮೇಲೆ ಗುಂಡು ಹಾರಲ್ಲ."

"ಮೊದಲು ಅಕ್ಕನ ಹೆಸರು ಬರ್ಕೊಳ್ಳಿ. ಅವಳದ್ರಲ್ಲೂ ನಾನೇ ಫಸ್ಟು. ಅಲ್ವೇನಕ್ಕ?"

"ಮತ್ತಿನ್ನೇನು?" ಎಂದ ಜಲಜಾ ತನ್ನ ಪಿಸ್ತೂಲನ್ನು ಬ್ಯಾಗಿಗೆ ಸೇರಿಸಲು ಕೈಚಾಚಿದಳು.

ಅಷ್ಟರಲ್ಲಿ ಮಂದಾಕಿನಿ, ಮದುವೆಮನೆಗಳಲ್ಲಿ ನೆಂಟರೆಲ್ಲ ಮಾಡುವಂತೆ, ಆ ಪಿಸ್ತೂಲಿನ ಮುಖ ಗುರುತಿಸುವ ಗಾಜುಗಣ್ಣಿಗೆ ನಗುತ್ತಾ ಮುಖ ತೋರಿಸಿದಳು. ನಮ್ಮವರನ್ನು ಕಂಡರೆ ಹತ್ತುವ ಹಸಿರು ದೀಪ ಹತ್ತಲಿಲ್ಲ.

"ಬ್ಯಾಟರಿ ಹೋಗಿರ್ಬೇಕು ಕಣೇ," ಎಂದಳು ಜಲಜಾ.

ಶೇಷಪ್ಪ ಬಗ್ಗಿ ನೋಡಿದ. ಕೆಂಪು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅವನು ಕೆಮ್ಮಿ ಪೆನ್ನು ಎತ್ತಿಕೊಂಡ. "ಅಕ್ಕಾವ್ರ ಹೆಸರು... ಬರೆಯೋದಾಮ್ಮಾ?"

ಮಂದಾಕಿನಿಯ ಮುಖದಲ್ಲಿ ಆ ನಗು ಇನ್ನೂ ಹಾಗೇ ಅಂಟಿಕೊಂಡಿತ್ತು.

"ಹೆಸರು ಆಮೇಲೆ. ಮೊದಲು ಇದಕ್ಕಿಂತ ದೊಡ್ಡದು ತೋರ್ಸಿ."