ಬೆಳಿಗ್ಗೆ ಉಟ್ಟ ಬಣ್ಣ

ಆ ಊರಿನಲ್ಲಿ ಕೆಂಪು ತೊಟ್ಟವರು ಯಾರಿಗೆ ಬೇಕಾದರೂ ಹೊಡೆಯಬಹುದಿತ್ತು. ಬಿಳಿ ತೊಟ್ಟವರು ಕೈ ಎತ್ತುವಂತಿರಲಿಲ್ಲ.

"ಇವತ್ತೊಂದು ದಿನ ಕೆಂಪು ಸೀರೆ ಉಡಮ್ಮ," ಎಂದು ಮಗಳು ಗೋಗರೆದರೂ, ಮೀನು ಮಾರುವ ಚಂದ್ರಾವತಿ ಎಂದಿನಂತೆ ಬಿಳಿ ಸೀರೆಯುಟ್ಟು ಮಾರ್ಕೆಟ್ಟಿಗೆ ಬಂದಳು.

ಕೂರುವ ಜಾಗ ಬಿಟ್ಟುಕೊಡಲಿಲ್ಲವೆಂದು ಕೆಂಪಂಗಿಯ ವಾಮನ ಅವಳ ತಲೆಯನ್ನು ಕಟ್ಟೆಗೆ ಚಚ್ಚಿದ. ಹಣೆ ಒಡೆದು ಸುರಿದ ರಕ್ತದಲ್ಲಿ ಸೀರೆಯೆಲ್ಲ ತೊಯ್ದುಹೋಯಿತು.

ಕಾವಲಿಗಿದ್ದ ಪೇದೆ ಸೀರೆಯನ್ನೊಮ್ಮೆ ನೋಡಿದ. "ಈಗ ನಿನ್ನದೂ ಕೆಂಪೇ ಅಲ್ವಾ ಮಾರಾಯ್ತಿ. ಕಡಿ ಅವನನ್ನು!"

"ಕಡಿ, ಚಂದ್ರಕ್ಕ!" ಎಂದು ಇಡೀ ಮಾರ್ಕೆಟ್ಟೇ ಕೂಗಿತು.

ಅವಳು ಮೀನು ಕೊಯ್ಯುವ ಕತ್ತಿ ಎತ್ತಿದಳು. ವಾಮನ ಕೈಮುಗಿದು ಕುಸಿದ. ರಪ್ಪನೆ ಇಳಿದ ಕತ್ತಿ ಅವನ ಪಕ್ಕದ ಬುಟ್ಟಿಯಲ್ಲಿದ್ದ ಅಂಜಲ್ ಮೀನಿನ ತಲೆ ಹಾರಿಸಿತು.

ಬಾಯಿಗಿಳಿದ ರಕ್ತವನ್ನು ಉಗಿದು ಅವಳೆಂದಳು: "ಈ ಸೀರೆಯನ್ನು ಕೆಂಪು ಮಾಡಿದ್ದು ನೀನು. ಬೆಳಿಗ್ಗೆ ನಾನು ಉಟ್ಟದ್ದು ಬಿಳಿ."