ಬಿಳಿಚಿದ ನೆರಳು

ಚಪ್ಪಲಿಯನ್ನು ಫ್ರಿಜ್ಜಿನಲ್ಲಿಟ್ಟ ದಿನವೇ ಮನೆಯವರೆಲ್ಲ ನನಗೆ ಅರಳುಮರಳು ಎಂದು ತೀರ್ಮಾನಿಸಿಬಿಟ್ಟರು. ಸೊಸೆ ಪ್ರಮೀಳಾ ಅಳುತ್ತಲೇ ಆಸ್ಪತ್ರೆಗೆ ಕರೆತಂದಳು. ಡಾಕ್ಟರು ಎಲ್ಲರಿಗೂ ಮಾಡುವಂತೆ ನನ್ನನ್ನೂ ಬಿಸಿಲಲ್ಲಿ ನಿಲ್ಲಿಸಿ ನೆರಳು ನೋಡಿದರು. ಪಕ್ಕದಲ್ಲಿ ಸೊಸೆಯದು ಕಪ್ಪಗಿತ್ತು, ನನ್ನದು ಗಂಜಿಯ ಹಾಗೆ ಬಿಳಿಚಿತ್ತು.

"ರಕ್ತದಲ್ಲಿ ಉಪ್ಪು ತೀರಾ ಇಳಿದಿದೆ ಅಜ್ಜಿ. ನಿಮ್ಮ ಬಿ.ಪಿ. ಮಾತ್ರೆ ಮೂತ್ರದಲ್ಲಿ ಉಪ್ಪನ್ನೂ ಹೊರಗೆ ಹಾಕುತ್ತೆ. ಊಟಕ್ಕೆ ಉಪ್ಪು ಹಾಕ್ಕೋತೀರಾ?"

"ಇಲ್ಲಪ್ಪ. ಮೊಮ್ಮಗಳ ಮದುವೆ ಆಗೋವರೆಗೂ ಉಪ್ಪು ಮುಟ್ಟಲ್ಲ ಅಂತ ಹರಕೆ ಹೊತ್ತಿದೀನಿ."

"ಅದಕ್ಕೇ ಹೀಗಾಗಿದೆ! ಆ ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕ್ತೀನಿ. ಇದು ಅರಳುಮರಳಲ್ಲ."

ಸೊಸೆ ಮತ್ತೆ ಅತ್ತಳು, ಈ ಸಲ ನಗುತ್ತ.

ನಾಲ್ಕನೇ ದಿನ ನನ್ನ ನೆರಳು ಕಾಡಿಗೆಯಂತಾಯಿತು. ಮನೆಗೆ ಬಂದವಳೇ ಹರಕೆಯನ್ನು ಸೊಸೆಯ ತಲೆಗೆ ಕಟ್ಟಿದೆ. ಅವಳ ನೆರಳು ಬೇಕಾದಷ್ಟು ಕಪ್ಪಗಿದೆ.