ಆಯ್ಕೆಯಾದ ಐವರು

ಯುದ್ಧ ಶುರುವಾದ ನಾಲ್ಕನೇ ದಿನ ಐವರು ನಿವೃತ್ತ ಸೈನಿಕರಿಗೆ ಗುಟ್ಟಾಗಿ ಬುಲಾವ್ ಬಂತು. ನಿಂತುಹೋದ ಪಿಂಚಣಿಯ ವಿಚಾರವೇ ಇರಬೇಕೆಂದು ಸುಬೇದಾರ್ ಫಕೀರಗೌಡರು, ತಾವು ಬದುಕಿರುವುದಕ್ಕೆ ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ಹೋದರು.

ಅಧಿಕಾರಿ ಎದ್ದು ನಿಂತು ಸೆಲ್ಯೂಟ್ ಹೊಡೆದ. ಎರಡು ವರ್ಷ ಪಿಂಚಣಿ ಕಚೇರಿಗೆ ಅಲೆದರೂ ಕೂರಲು ಕುರ್ಚಿ ಸಿಗದ ಐವರಿಗೂ ಎದೆ ಉಬ್ಬಿತು.

"ಮೀನುಗಾರರ ವೇಷದಲ್ಲಿ ದೋಣಿಯಲ್ಲಿ ಹೋಗಿ, ಶತ್ರುವಿನ ಹಡಗಿಗೆ ಬಾಂಬ್ ಇಟ್ಟು ಬರಬೇಕು," ಎಂದ.

"ಸಾಹೇಬ್ರ, ನಾವು ಭೂಸೇನೆಯವರು. ಸಮುದ್ರ ನೋಡಿದ್ದು ಗೋಕರ್ಣದಾಗ ಒಮ್ಮೆ ಅಷ್ಟ," ಎಂದರು ಫಕೀರಗೌಡರು.

"ಪರವಾಗಿಲ್ಲ."

"ನಮ್ಮ ಹವಾಲ್ದಾರಗ ಈಸಾಕ ಬರೂದಿಲ್ಲ್ರಿ."

"ಅಡ್ಡಿಯಿಲ್ಲ."

"ನನಗ ಮೊಣಕಾಲು ನೋವು, ಇವಗ ಕಣ್ಣಾಗ ಪೊರೆ. ಡಾಕ್ಟರ್ ತಪಾಸಣೆ ಮಾಡೂದಿಲ್ಲೇನ್ರಿ?"

"ನಿಮಗೆ ಅದೆಲ್ಲ ಬೇಡ."

ಎಂಥ ನಂಬಿಕೆ! ಕೊನೆಗೂ ದೇಶಕ್ಕೆ ತಮ್ಮ ಅನುಭವದ ಬೆಲೆ ಗೊತ್ತಾಯಿತೆಂದು ಫಕೀರಗೌಡರ ಕಣ್ಣು ತುಂಬಿ ಬಂದವು. ಕಣ್ಣೊರೆಸಿಕೊಳ್ಳಲು ಕರವಸ್ತ್ರ ತೆಗೆದಾಗ ಜೇಬಿನಲ್ಲಿದ್ದ ಪ್ರಮಾಣಪತ್ರ ಮೇಜಿನ ಮೇಲೆ ಬಿತ್ತು.

"ಅಕಸ್ಮಾತ್ ನಾವು ಸಿಕ್ಕಿಬಿದ್ದರ?"

"ಇವರು ನಮ್ಮ ಸೈನಿಕರೇ ಅಲ್ಲ ಅಂತ ದಾಖಲೆ ಸಮೇತ ಹೇಳ್ತೀವಿ. ಅದಕ್ಕೇ ನಿಮ್ಮನ್ನ ಹುಡುಕಿ ಕರೆಸಿದ್ದು."

"ಅಂಥಾ ದಾಖಲೆ ಏನೈತ್ರಿ?"

ಅಧಿಕಾರಿ ಪಿಂಚಣಿ ಕಚೇರಿಯ ಕಡತ ತೆರೆದ.

"ನೀವು ಐವರೂ ತೀರಿಕೊಂಡು ಎರಡು ವರ್ಷ ಆಯಿತು. ಆ ಪ್ರಮಾಣಪತ್ರ ಮಾತ್ರ ಇಲ್ಲೇ ಬಿಟ್ಟುಹೋಗಿ."